ಅಕ್ಷರದ ಮರ್ಯಾದೆ

(ಶಾಖಾಮಠದ ವಾರ್ಷಿಕೋತ್ಸವದ ಅಂಗವಾಗಿ ಮುಂಬಯಿಯಲ್ಲಿ ಜರಗಿದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



 

ಕನ್ನಡದ ಬಗ್ಗೆ ವೇದಿಕೆಯಿಂದ ಮಾತನಾಡುವವರು ಸಾಮಾನ್ಯವಾಗಿ ಅದರ ಹಿರಿಮೆಯನ್ನು ಕೊಂಡಾಡುತ್ತಾರೆ. ಒಂದೂವರೆ ಸಾವಿರ ವರ್ಷಗಳ ಶಾಸನ ಪರಂಪರೆ, ಎಂಟು ಮಂದಿ ಸಾಹಿತಿಗಳಿಗೆ ಸಂದ ಜ್ಞಾನಪೀಠ ಪ್ರಶಸ್ತಿ, 2008ರಲ್ಲಿ ದೊರೆತ ಶಾಸ್ತ್ರೀಯ ಭಾಷೆಯ ಸ್ಥಾನಮಾನ ಇವೆಲ್ಲವೂ ನಿಜ. ಇವುಗಳನ್ನು ಕೇಳಿದಾಗ ನಮಗೆ ಅಭಿಮಾನವುಂಟಾಗುವುದೂ ಸಹಜ. ಆದರೆ ಇಂದು ನಾನು ಆರಿಸಿಕೊಂಡಿರುವುದು ಇವುಗಳಿಗಿಂತ ಬಹಳ ಚಿಕ್ಕದಾದ ಒಂದು ವಿಷಯ. ಮದುವೆಯ ಆಮಂತ್ರಣ ಪತ್ರಿಕೆ, ಸಂಘದ ಸೂಚನಾಫಲಕ, ದೇಣಿಗೆಯ ರಸೀತಿ, ಸನ್ಮಾನಪತ್ರ, ಮೊಬೈಲಿನಲ್ಲಿ ಕಳುಹಿಸುವ ಶುಭಾಶಯ ಇವುಗಳಲ್ಲಿ ಬಳಕೆಯಾಗುವ ಕನ್ನಡ ನನ್ನ ಇಂದಿನ ವಿಷಯ. ಇವುಗಳನ್ನು ಯಾವ ಮಹಾಕವಿಯೂ ಬಂದು ಬರೆದುಕೊಡುವುದಿಲ್ಲ. ಬರೆಯುವವರು ನಾವು, ಓದುವವರೂ ನಾವೇ. ಕನ್ನಡ ನಿತ್ಯ ಬದುಕುವುದು ಈ ಚಿಕ್ಕ ಬರಹಗಳಲ್ಲಿ. ಅಲ್ಲಿ ಅದರ ಸ್ಥಿತಿ ಹೇಗಿದೆ ಎಂಬುದನ್ನು ನೋಡಿದರೆ, ಭಾಷೆಯನ್ನು ಪ್ರೀತಿಸುವವರಿಗೆ ನೋವಾಗದೆ ಇರದು.

ಕಳೆದ ಹಲವು ವರ್ಷಗಳಿಂದ ನನ್ನ ಕೈಸೇರಿದ ಆಮಂತ್ರಣ ಪತ್ರಿಕೆಗಳನ್ನು ನಾನು ಎಸೆಯದೆ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೇನೆ. ಕಾಗದ ಬೆಲೆಬಾಳುವಂಥದು, ಅಂಚಿಗೆ ಬಂಗಾರದ ಬಣ್ಣ, ಲಕೋಟೆಯ ಮೇಲೆ ಸುಂದರವಾದ ಗಣಪತಿ. ಒಳಗೆ ತೆರೆದರೆ ‘ಆಶೀರ್ವಾದ’ ಎಂಬ ಒಂದೇ ಪದ ಬೇರೆ ಬೇರೆ ಪತ್ರಿಕೆಗಳಲ್ಲಿ ನಾಲ್ಕು ವೇಷ ಧರಿಸಿದೆ: ‘ಆರ್ಶಿವಾದ’, ‘ಆರ್ಶೀವಾದ’, ‘ಆಶಿರ್ವಾದ’, ‘ಆಶೀವಾರ್ದ’. ಬಂಧುಬಾಂಧವರು ‘ಬಂಧುಭಾಂಧವ’ರಾಗಿದ್ದಾರೆ. ವಿದ್ಯಾರ್ಥಿಗಳು ‘ವಿಧ್ಯಾರ್ಥಿ’ಗಳಾಗಿದ್ದಾರೆ. ಶುಭಾಶಯ ‘ಶುಭಾಷಯ’ವಾಗಿದೆ, ಅಧ್ಯಕ್ಷರು ‘ಅದ್ಯಕ್ಷ’ರಾಗಿದ್ದಾರೆ, ಉದ್ಘಾಟನೆಯು ‘ಉಧ್ಗಾಟನೆ’ಯಾಗಿದೆ. ಒಂದು ಕಡೆ ಅತಿಥಿಗಳಿಗೆ ಹಾರ್ದಿಕ ಸ್ವಾಗತದ ಬದಲು ‘ಆರ್ಥಿಕ ಸ್ವಾಗತ’ವನ್ನು ಕೋರಲಾಗಿದೆ. ಮತ್ತೊಂದು ಕಡೆ ‘ದನಸಹಾಯ’ ಮಾಡಿದ ಮಹನೀಯರಿಗೆ ಕೃತಜ್ಞತೆ ಸಲ್ಲಿಸಲಾಗಿದೆ. ಆ ಮಹನೀಯರು ಕೊಟ್ಟುದು ಹಸುಗಳನ್ನೋ ಹಣವನ್ನೋ ಎಂಬುದು ಓದುಗನ ಊಹೆಗೆ ಬಿಟ್ಟದ್ದು. ಸಚಿವರ ಭೇಟಿಯನ್ನು ‘ಬೇಟಿ’ ಎಂದು ಬರೆದರೆ ಊರಿನಲ್ಲಿ ನಕ್ಕು ಸುಮ್ಮನಾಗಬಹುದು. ಹಿಂದಿ ಬಲ್ಲ ನಮ್ಮಂತಹ ಮುಂಬಯಿಗರಿಗೆ ಬರುವವರು ಸಚಿವರೋ ಅವರ ಮಗಳೋ ಎಂಬ ಸಂದೇಹ ಹುಟ್ಟುತ್ತದೆ.

ಸಂಸ್ಕೃತ ಬಲ್ಲವರಿಗೆ ಒಂದು ಹಳೆಯ ಸುಭಾಷಿತ ನೆನಪಿರಬಹುದು. ತಂದೆಯೊಬ್ಬನು ಮಗನಿಗೆ ಹೇಳುತ್ತಾನೆ: ಹೆಚ್ಚು ಓದದಿದ್ದರೂ ಚಿಂತೆಯಿಲ್ಲ, ವ್ಯಾಕರಣವನ್ನಾದರೂ ಕಲಿ, ಇಲ್ಲದಿದ್ದರೆ ‘ಸ್ವಜನ’ರನ್ನು ‘ಶ್ವಜನ’ರೆಂದು ಕರೆದುಬಿಟ್ಟೀಯೆ, ‘ಸಕಲ’ವನ್ನು ‘ಶಕಲ’ ಮಾಡಿಬಿಟ್ಟೀಯೆ. ಸ್ವಜನರೆಂದರೆ ನಮ್ಮವರು, ಶ್ವಜನರೆಂದರೆ ನಾಯಿಗಳು. ಸಕಲವೆಂದರೆ ಪೂರ್ತಿ, ಶಕಲವೆಂದರೆ ತುಂಡು. ಕನ್ನಡದಲ್ಲಿ ಇಂತಹ ಜೋಡಿಗಳಿಗೆ ಕೊರತೆಯಿಲ್ಲ. ಹಳ್ಳಿ ಮತ್ತು ಹಲ್ಲಿ, ಬಳೆ ಮತ್ತು ಬಲೆ, ಕಳೆ ಮತ್ತು ಕಲೆ, ಕೊಳೆ ಮತ್ತು ಕೊಲೆ, ಆಣೆ ಮತ್ತು ಆನೆ, ಕೆರೆ ಮತ್ತು ಕೇರೆ. ಒಂದು ಅಕ್ಷರ, ಅಥವಾ ಒಂದು ಅಕ್ಷರದ ದೀರ್ಘ, ಇಡೀ ಅರ್ಥವನ್ನು ಹೊತ್ತು ನಿಂತಿರುತ್ತದೆ. ನಮ್ಮ ಲಿಪಿಯ ಸೊಗಸು ಇರುವುದೇ ಇಲ್ಲಿ. ನುಡಿದಂತೆ ಬರೆಯುವ, ಬರೆದಂತೆ ಓದುವ ಅನುಕೂಲವನ್ನು ನಮ್ಮ ಪೂರ್ವಿಕರು ನಮಗೆ ಒದಗಿಸಿದ್ದಾರೆ. ಇಂಗ್ಲಿಷಿನಲ್ಲಿ ಒಂದೊಂದು ಪದದ ಕಾಗುಣಿತವನ್ನೂ ಬಾಯಿಪಾಠ ಮಾಡುವ ನಮ್ಮ ಮಕ್ಕಳು ಅಲ್ಲಿ ಒಂದಕ್ಷರ ತಪ್ಪಿದರೆ ನಾಚುತ್ತಾರೆ. ಕನ್ನಡದಲ್ಲಿ ನಾಲ್ಕಕ್ಷರ ತಪ್ಪಿದರೂ ದೊಡ್ಡವರಾದ ನಮಗೆ ಏನೂ ಅನ್ನಿಸುವುದಿಲ್ಲ.

ತಪ್ಪು ಕೇವಲ ಅಕ್ಷರಕ್ಕೆ ಸೀಮಿತವಾಗಿಲ್ಲ. ಯೋಚಿಸದೆ ಬಳಸುವ ಪದಗಳೂ ಇವೆ. ‘ಸ್ವಾಗತ’ ಎಂಬಲ್ಲಿ ‘ಸು’ ಆಗಲೇ ಸೇರಿದೆ. ಅದರ ಹಿಂದೆ ಮತ್ತೊಂದು ‘ಸು’ ಹಚ್ಚಿ ‘ಸುಸ್ವಾಗತ’ ಎನ್ನುತ್ತೇವೆ. ‘ಸವಿನಯ’ ಎಂದರೂ ಸಾಕು, ‘ವಿನಯಪೂರ್ವಕ’ ಎಂದರೂ ಸಾಕು. ನಾವು ‘ಸವಿನಯಪೂರ್ವಕ’ವಾಗಿ ಬೇಡಿಕೊಳ್ಳುತ್ತೇವೆ. ‘ಸಕುಟುಂಬ’ರಾಗಿ ಬರಲು ಹೇಳಿದ ಮೇಲೆ ‘ಸಮೇತ’ ಎಂಬುದು ಯಾರ ಸಲುವಾಗಿ? ‘ಶಿಕ್ಷಕರು’ ಎಂದರೆ ಬಹುವಚನವೇ ಆಗಿರುವಾಗ ‘ಶಿಕ್ಷಕರುಗಳು’ ಎಂದು ಇನ್ನೊಂದು ಬಹುವಚನವನ್ನು ಏಕೆ ಹೊರಿಸಬೇಕು? ಇವುಗಳಲ್ಲಿ ಕೆಲವು ಬಳಕೆಯಿಂದ ರೂಢಿಯಾಗಿಬಿಟ್ಟಿವೆ ಎಂಬುದನ್ನು ನಾನು ಬಲ್ಲೆ. ರೂಢಿಯ ಬಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬರೆಯುವ ಮುನ್ನ ಒಂದು ಕ್ಷಣ ಪದದ ಒಳಗೆ ಇಣುಕಿ ನೋಡುವ ಅಭ್ಯಾಸ ತಪ್ಪಿಹೋದಾಗ ಭಾಷೆ ಬರಿಯ ಅಲಂಕಾರದ ಕಾಗದವಾಗುತ್ತದೆ ಎಂಬುದಷ್ಟೇ ನನ್ನ ಅಳಲು.

ಇಷ್ಟೊಂದು ತಪ್ಪುಗಳು ಎಲ್ಲಿಂದ ಬರುತ್ತವೆ? ಅಜ್ಞಾನದಿಂದ ಎಂದು ಹೇಳಿಬಿಡುವುದು ಸುಲಭ. ನನ್ನ ಅನುಭವದಲ್ಲಿ ಅಜ್ಞಾನದ ಪಾಲು ಕಡಿಮೆ, ಅವಸರದ ಪಾಲು ಹೆಚ್ಚು. ಹೊರನಾಡಿನಲ್ಲಿ ಒಂದು ಕನ್ನಡ ಪತ್ರಿಕೆ ಅಚ್ಚಾಗುವ ದಾರಿಯನ್ನು ಸ್ವಲ್ಪ ಗಮನಿಸೋಣ. ಕಾರ್ಯದರ್ಶಿಗಳು ಕಚೇರಿಗೆ ಹೋಗುವ ರೈಲಿನಲ್ಲಿ ಕುಳಿತು ಒಂದು ಕರಡನ್ನು ಬರೆಯುತ್ತಾರೆ. ಅದು ಅಚ್ಚುಕೂಟವನ್ನು ಸೇರುತ್ತದೆ. ಅಲ್ಲಿ ಅಕ್ಷರ ಜೋಡಿಸುವ ಹುಡುಗನಿಗೆ ಅನೇಕ ವೇಳೆ ಕನ್ನಡ ಬಾರದು. ಆಕಾರಗಳನ್ನು ನೋಡಿ ಹೋಲಿಸಿಕೊಂಡು ಅವನು ಜೋಡಿಸುತ್ತಾನೆ. ಅವನ ಶ್ರಮವನ್ನು ನಾವು ಗೌರವಿಸಬೇಕು. ‘ಸಂಘ’ದ ಸೊನ್ನೆಯ ಜಾಗದಲ್ಲಿ ಅಂಕಿಯ ಸೊನ್ನೆಯನ್ನೂ, ರೇಫದ ಚಿಹ್ನೆಯ ಜಾಗದಲ್ಲಿ ಕನ್ನಡದ ಒಂಬತ್ತನ್ನೂ ಅವನು ಇರಿಸಿದರೆ, ಅವನ ಕಣ್ಣಿಗೆ ಅವೆರಡೂ ಒಂದೇ. ಕರಡಚ್ಚು ಮರಳಿ ಬಂದಾಗ ನಾವು ನೋಡುವುದೇನು? ದಿನಾಂಕ ಸರಿಯಿದೆಯೇ, ಗಣ್ಯರ ಹೆಸರುಗಳ ಅನುಕ್ರಮ ಸರಿಯಿದೆಯೇ, ಯಾರ ಚಿತ್ರವಾದರೂ ಬಿಟ್ಟುಹೋಗಿದೆಯೇ ಎಂಬುದನ್ನು. ಭಾಷೆಯನ್ನು ಓದುವವರು ಯಾರೂ ಇಲ್ಲ. ‘ಚೆನ್ನಾಗಿದೆ, ಅಚ್ಚುಹಾಕಿ’ ಎಂದುಬಿಡುತ್ತೇವೆ. ಆದುದರಿಂದ ತಪ್ಪು ಆ ಹುಡುಗನದಲ್ಲ, ಕನ್ನಡ ಬಲ್ಲ ನಮ್ಮದು.

ರೇಫದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಅರ್ಕಾವೊತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ. ‘ಧರ್ಮ’ ಎನ್ನುವಾಗ ರಕಾರ ಮಕಾರಕ್ಕಿಂತ ಮುಂಚೆ ಕೇಳಿಸುತ್ತದೆ, ಆದರೆ ಅದರ ಚಿಹ್ನೆ ಮಕಾರದ ಬಲಕ್ಕೆ ಕುಳಿತುಕೊಳ್ಳುತ್ತದೆ. ಕೈಯಿಂದ ಬರೆಯುವವರಿಗೆ ಇದು ತೊಡಕಾಗಿರಲಿಲ್ಲ. ಗಣಕಯಂತ್ರದ ಹಳೆಯ ಅಕ್ಷರಶೈಲಿಗಳಲ್ಲಿದ್ದ ಬರಹವನ್ನು ಈಗಿನ ಯೂನಿಕೋಡಿಗೆ ಅಜಾಗರೂಕತೆಯಿಂದ ಪರಿವರ್ತಿಸಿದಾಗ ‘ಧರ್ಮ’ವು ‘ಧಮರ್’ ಆಗುತ್ತದೆ, ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ವಾಗುತ್ತದೆ. ಯಂತ್ರಕ್ಕೆ ಇದು ತಪ್ಪೆಂದು ತಿಳಿಯದು. ಒಮ್ಮೆ ಕಣ್ಣು ಹಾಯಿಸಿದ ಮನುಷ್ಯನಿಗೆ ತಿಳಿಯದೆ ಇರದು. ಅಂದರೆ, ಆ ಪುಟವನ್ನು ಅಚ್ಚಿಗೆ ಮುನ್ನ ಯಾರೂ ಓದಲೇ ಇಲ್ಲ ಎಂಬುದಕ್ಕೆ ಆ ‘ಧಮರ್’ ಸಾಕ್ಷಿಯಾಗಿ ನಿಲ್ಲುತ್ತದೆ.

ಇನ್ನು ಮೊಬೈಲಿನ ಸಂದೇಶಗಳ ವಿಚಾರ. ಈಗ ಎಲ್ಲ ಮೊಬೈಲುಗಳಲ್ಲಿಯೂ ಕನ್ನಡದ ಕೀಲಿಮಣೆಯನ್ನು ಅಳವಡಿಸಿಕೊಳ್ಳಬಹುದು. ಆದರೂ ನಮ್ಮಲ್ಲಿ ಬಹುಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುತ್ತಾರೆ. ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರಗಳನ್ನು ನೋಡಿ. ಅದು ಬೆಲೆಯೋ, ಬೆಳೆಯೋ, ಬೇಳೆಯೋ? ‘ಬೇಳೆಯ ಬೆಲೆ ಏರಿತು’ ಎಂಬುದಕ್ಕೂ ‘ಬೆಳೆಯ ಬೆಲೆ ಏರಿತು’ ಎಂಬುದಕ್ಕೂ ಅಲ್ಲಿ ಭೇದವಿಲ್ಲ. ಒಬ್ಬರು ಅಡುಗೆಮನೆಯ ಮಾತನಾಡುತ್ತಿದ್ದಾರೆ, ಇನ್ನೊಬ್ಬರು ಹೊಲದ ಮಾತನಾಡುತ್ತಿದ್ದಾರೆ. ಕನ್ನಡವನ್ನು ಚೆನ್ನಾಗಿ ಬಲ್ಲವರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ. ಕನ್ನಡವನ್ನು ಈಗಷ್ಟೇ ಕಲಿಯುತ್ತಿರುವ ಮಗು ಏನು ಮಾಡಬೇಕು?

ಈ ಮಾತುಗಳನ್ನು ಹೇಳಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯೊಂದಿದೆ. ‘ಅರ್ಥವಾಯಿತಲ್ಲ, ಅಷ್ಟು ಸಾಲದೇ?’ ಎಂದು ಸ್ನೇಹಿತರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ನಮ್ಮ ಪಂಕ್ತಿಯ ಊಟದಲ್ಲಿಯೇ ಇದೆ. ಬಾಳೆಯೆಲೆಯ ತುದಿ ಎಡಕ್ಕಿರಬೇಕು. ಉಪ್ಪಿಗೆ ಒಂದು ಸ್ಥಳ, ಕೋಸಂಬರಿಗೆ ಒಂದು ಸ್ಥಳ, ಪಲ್ಯಕ್ಕೆ ಒಂದು ಸ್ಥಳ. ಎಲೆಯನ್ನು ತೊಳೆಯದೆ, ತಿರುಗುಮುರುಗಾಗಿ ಹಾಸಿ, ಪಾಯಸವನ್ನು ಸಾರಿನ ಮೇಲೆ ಸುರಿದರೂ ಹೊಟ್ಟೆ ತುಂಬುತ್ತದೆ. ಆದರೆ ಹಾಗೆ ಬಡಿಸಿದವರ ಮನೆಗೆ ನಾವು ಎರಡನೆಯ ಬಾರಿ ಹೋಗುವುದಿಲ್ಲ. ಕ್ರಮವಾಗಿ ಬಡಿಸುವುದು ಅತಿಥಿಗೆ ಸಲ್ಲಿಸುವ ಮರ್ಯಾದೆ. ಬರಹವೂ ಹಾಗೆಯೇ. ಓದುಗನು ನಮ್ಮ ಅತಿಥಿ. ನಾವು ಒಂದು ನಿಮಿಷ ಉಳಿಸಿಕೊಳ್ಳಲು ಹೋಗಿ, ಓದುವ ನೂರಾರು ಮಂದಿಯ ಒಂದೊಂದು ನಿಮಿಷವನ್ನು ಊಹೆಯಲ್ಲಿ ಕಳೆಯುವಂತೆ ಮಾಡುವುದು ನ್ಯಾಯವೇ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಆಡುಮಾತಿನ ವೈವಿಧ್ಯವನ್ನು ನಾನು ತಪ್ಪೆಂದು ಕರೆಯುತ್ತಿಲ್ಲ. ಮಂಗಳೂರಿನ ಕನ್ನಡ, ಕುಂದಾಪುರದ ಕನ್ನಡ, ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಎಲ್ಲವೂ ಕನ್ನಡವೇ. ಹಳ್ಳಿಯ ಮುಗ್ಧ ಮುದುಕಿಯೊಬ್ಬಳು ಹಾಲನ್ನು ‘ಆಲು’ ಎಂದರೆ ಅದರಲ್ಲಿ ಹಾಸ್ಯ ಮಾಡುವಂಥದು ಏನೂ ಇಲ್ಲ. ಅದೇ ಹಾಲು ಹಳಗನ್ನಡದಲ್ಲಿ ‘ಪಾಲು’ ಆಗಿತ್ತು, ಹಳ್ಳಿ ‘ಪಳ್ಳಿ’ಯಾಗಿತ್ತು. ಪಕಾರವು ಹಕಾರವಾದಾಗ ಯಾರೂ ದಂಡ ವಿಧಿಸಲಿಲ್ಲ. ಕನ್ನಡದ ಪ್ರದೇಶಭೇದಗಳ ವಿಷಯದಲ್ಲಿ ಕವಿರಾಜಮಾರ್ಗಕಾರನೇ ಸೋಲೊಪ್ಪಿಕೊಂಡಿದ್ದಾನೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿರ್ಣಯಿಸಲು ವಾಸುಕಿಗೂ ಸಾಧ್ಯವಾಗದೆ ಬೇಸರಗೊಂಡಾನು ಎಂಬುದು ಅವನ ಮಾತಿನ ತಾತ್ಪರ್ಯ.

ಹಾಗೆಯೇ, ಬರಹವನ್ನು ಸುಧಾರಿಸಬೇಕೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 2005ರಲ್ಲಿ ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಪುಸ್ತಕವನ್ನು ಪ್ರಕಟಿಸಿ, ಕನ್ನಡಿಗರ ಸಹಜ ಉಚ್ಚಾರಣೆಯಲ್ಲಿ ಇಲ್ಲದ ಮಹಾಪ್ರಾಣಗಳು ಬರಹದಲ್ಲಿಯೂ ಬೇಡವೆಂಬ ವಿಚಾರವನ್ನು ಮುಂದಿಟ್ಟರು. ಅವರ ಅಭಿಪ್ರಾಯವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಾನು ಒಪ್ಪದವರ ಸಾಲಿನಲ್ಲಿದ್ದೇನೆ. ಆದರೂ ಅವರ ಬಗ್ಗೆ ನನಗೆ ಗೌರವವಿದೆ. ಏಕೆಂದರೆ ಅವರು ಯೋಚಿಸಿ, ಒಂದು ನಿಯಮವನ್ನು ಕಟ್ಟಿಕೊಂಡು, ಅದರಂತೆ ಉದ್ದಕ್ಕೂ ಬರೆದವರು. ಒಂದೇ ಪತ್ರಿಕೆಯಲ್ಲಿ ‘ಬಾಂಧವ’ಕ್ಕೆ ಇಲ್ಲದ ಮಹಾಪ್ರಾಣವನ್ನು ತೊಡಿಸಿ, ‘ಅಧ್ಯಕ್ಷ’ಕ್ಕೆ ಇದ್ದ ಮಹಾಪ್ರಾಣವನ್ನು ಕಿತ್ತುಕೊಳ್ಳುವವರು ಯಾವ ನಿಯಮವನ್ನೂ ಪಾಲಿಸುತ್ತಿಲ್ಲ. ಅದನ್ನು ಸುಧಾರಣೆಯೆಂದು ಕರೆಯಲಾಗದು.

ನಮ್ಮ ಪರಂಪರೆ ಈ ವಿಷಯದಲ್ಲಿ ಎಷ್ಟು ಎಚ್ಚರಿಕೆಯುಳ್ಳದ್ದು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಕನ್ನಡದಲ್ಲಿ ಈಗ ದೊರೆಯುವ ಗ್ರಂಥಗಳಲ್ಲಿ ಮೊದಲನೆಯದು ಕವಿರಾಜಮಾರ್ಗ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ ರಚಿತವಾದದ್ದು. ಆ ಗ್ರಂಥದ ಮೊದಲ ಪರಿಚ್ಛೇದದ ವಿಷಯವೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿವೇಚನೆ. ಹೊಂದದ ಪದಗಳನ್ನು ಸಮಾಸದಲ್ಲಿ ಬೆರೆಸಿದರೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರೆಸಿದಂತೆ ವಿರಸವಾಗುತ್ತದೆ ಎಂದು ಅಲ್ಲಿ ಎಚ್ಚರಿಸಲಾಗಿದೆ. ನಮಗೆ ಉಳಿದುಬಂದ ಮೊದಲ ಪುಸ್ತಕವೇ ‘ಬರೆಯುವಾಗ ಎಚ್ಚರವಿರಲಿ’ ಎಂದು ಹೇಳುತ್ತಿದೆ.

ಅಲ್ಲಿಂದ ನಾಲ್ಕು ಶತಮಾನಗಳ ಬಳಿಕ, 1260ರ ಸುಮಾರಿಗೆ, ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದನು. ನಾವಿಂದು ಲಕಾರ ಮತ್ತು ಳಕಾರ ಎರಡರ ನಡುವೆಯೇ ಎಡವುತ್ತಿದ್ದೇವೆ. ಕೇಶಿರಾಜನು ಳಕಾರದಲ್ಲಿಯೇ ರಳ, ಕುಳ, ಕ್ಷಳ ಎಂಬ ಮೂರು ಬಗೆಗಳನ್ನು ಗುರುತಿಸಿ, ರಳವಿರುವ ಪದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಅವನ ಕಾಲಕ್ಕೆ ರಳವು ಜನರ ಬಾಯಿಂದ ಮರೆಯಾಗುತ್ತಿತ್ತು. ಕಾಲಕ್ರಮದಲ್ಲಿ ಅದು ಬರಹದಿಂದಲೂ ಮರೆಯಾಯಿತು. ಭಾಷೆಯ ಪ್ರವಾಹವನ್ನು ಅವನಿಗೂ ತಡೆಯಲಾಗಲಿಲ್ಲ. ಆದರೆ ಅವನು ಶ್ರದ್ಧೆಯಿಂದ ಮಾಡಿಟ್ಟ ಪಟ್ಟಿಯ ಬಲದಿಂದಲೇ ಇಂದಿಗೂ ಹಳಗನ್ನಡ ಕಾವ್ಯಗಳ ಸರಿಯಾದ ಪಾಠವನ್ನು ನಿರ್ಣಯಿಸಲು ವಿದ್ವಾಂಸರಿಗೆ ನೆರವಾಗುತ್ತಿದೆ.

ಓಲೆಗರಿಗಳ ಲಿಪಿಕಾರರನ್ನು ನೆನಪಿಸಿಕೊಳ್ಳಿ. ಒಣಗಿಸಿದ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಬಳಿಕ ಮಸಿ ಬಳಿದು ಒರೆಸಿದಾಗ ಬರಹ ಕಾಣಿಸಿಕೊಳ್ಳುತ್ತಿತ್ತು. ಕೊರೆದ ಗೆರೆಯನ್ನು ಅ‍ಳಿಸಲಾಗದು. ಪ್ರತಿ ಮುಗಿದ ಮೇಲೆ ಅನೇಕ ಲಿಪಿಕಾರರು ಕೊನೆಯಲ್ಲಿ ಒಂದು ವಿನಂತಿಯನ್ನು ಬರೆದಿಡುತ್ತಿದ್ದರು: ಬೆನ್ನು, ಸೊಂಟ, ಕುತ್ತಿಗೆಗಳು ನೊಂದು, ದೃಷ್ಟಿಯನ್ನು ಕೀಲಿಸಿ, ಕಷ್ಟಪಟ್ಟು ಬರೆದ ಗ್ರಂಥವಿದು, ಜೋಪಾನವಾಗಿ ಕಾಪಾಡಿರಿ. ಅಷ್ಟು ಕಷ್ಟಪಟ್ಟ ಕೈಗಳಿಂದಾಗಿಯೇ ಶಾಸ್ತ್ರವೂ ಕಾವ್ಯವೂ ನಮ್ಮವರೆಗೆ ಬಂದಿವೆ. ತಪ್ಪಾದರೆ ಒಂದು ಗುಂಡಿಯನ್ನು ಒತ್ತಿ ಸರಿಪಡಿಸಿಕೊಳ್ಳಬಲ್ಲ ನಮಗೆ ಆ ಗುಂಡಿಯನ್ನು ಒತ್ತುವ ತಾಳ್ಮೆಯೂ ಇಲ್ಲವಾಯಿತೇ?

ಪರದೇಶದಿಂದ ಬಂದವರ ಶ್ರದ್ಧೆಯೂ ನಮ್ಮ ಕಣ್ಣು ತೆರೆಸಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದವರು ಜರ್ಮನಿಯ ಹರ್ಮನ್ ಮೋಗ್ಲಿಂಗ್. ಹಾಡುವವರ ಕಂಠದಲ್ಲಿಯೂ ಓಲೆಗಳಲ್ಲಿಯೂ ಇದ್ದ ದಾಸರ ಪದಗಳನ್ನು ಮೊದಲಿಗೆ ಸಂಗ್ರಹಿಸಿ ಅಚ್ಚುಹಾಕಿಸಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. ಅವರ ನಾಡಿನವರೇ ಆದ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದು, ಹಲವು ದಶಕಗಳ ದುಡಿಮೆಯ ಫಲವಾಗಿ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಸುಮಾರು 70,000 ಪದಗಳ ಆ ನಿಘಂಟಿನಲ್ಲಿ ಗಾದೆಗಳೂ ಆಡುಮಾತಿನ ಬಳಕೆಗಳೂ ಸೇರಿವೆ. ಕನ್ನಡ ಅವರ ತಾಯಿನುಡಿಯಾಗಿರಲಿಲ್ಲ.

ನಮ್ಮ ಕಾಲದ ಹಿರಿಯರೂ ಹಿಂದೆ ಬಿದ್ದವರಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿಗಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ವರ್ಷಗಟ್ಟಲೆ ನಡೆಸಿದರು. ಸಾಮಾನ್ಯ ಓದುಗರು ಕೇಳುತ್ತಿದ್ದ ಪದಗಳ ಸಂದೇಹಗಳಿಗೆ ಅವರು ಸಾವಧಾನವಾಗಿ ಉತ್ತರಿಸುತ್ತಿದ್ದರು. 1913ರಲ್ಲಿ ಜನಿಸಿದ ಅವರು 2021ರಲ್ಲಿ ನಮ್ಮನ್ನು ಅಗಲಿದರು. ಉಡುಪಿಯವರಾದ ಪಾ.ವೆಂ. ಆಚಾರ್ಯರು ‘ಕಸ್ತೂರಿ’ಯಲ್ಲಿ ನಡೆಸಿದ ‘ಪದಾರ್ಥ ಚಿಂತಾಮಣಿ’ಯಲ್ಲಿ ಒಂದೊಂದು ಪದದ ಕುಲಗೋತ್ರಗಳನ್ನೂ ಬಿಡಿಸಿ ತೋರಿಸುತ್ತಿದ್ದರು. ಪದಗಳ ವಿಚಾರಕ್ಕಾಗಿಯೇ ಪತ್ರಿಕೆಯನ್ನು ಕಾಯುತ್ತಿದ್ದ ಓದುಗರು ನಮ್ಮ ಮನೆಗಳಲ್ಲಿದ್ದರು. ಆ ಓದುಗರ ಮಕ್ಕಳು, ಮೊಮ್ಮಕ್ಕಳು ನಾವು.

ಬಂಧುಗಳೇ, ಇದುವರೆಗೆ ನಾನು ಹೇಳಿದ್ದು ಎಲ್ಲ ಕನ್ನಡಿಗರಿಗೂ ಅನ್ವಯಿಸುವ ಮಾತು. ಈಗ ಹೊರನಾಡಿನ ನಮಗೆ ವಿಶೇಷವಾಗಿ ಅನ್ವಯಿಸುವ ಮಾತಿಗೆ ಬರುತ್ತೇನೆ. ಊರಿನಲ್ಲಿ ಒಂದು ಫಲಕದಲ್ಲಿ ತಪ್ಪಿದ್ದರೆ ಪಕ್ಕದ ಫಲಕದಲ್ಲಿ ಸರಿಯಿರುತ್ತದೆ. ಬಸ್ಸಿನ ಹಲಗೆ, ಶಾಲೆಯ ಪುಸ್ತಕ, ಬೆಳಗಿನ ಪತ್ರಿಕೆ ಎಲ್ಲವೂ ಮಗುವಿನ ಕಣ್ಣಿಗೆ ಬೀಳುತ್ತವೆ. ತಪ್ಪು ತಾನಾಗಿ ತಿದ್ದಿಹೋಗುತ್ತದೆ. ಇಲ್ಲಿಯ ಮಗುವಿನ ಕಣ್ಣಿಗೆ ಬೀಳುವ ಕನ್ನಡವಾದರೂ ಎಷ್ಟು? ಮನೆಗೆ ಬರುವ ಆಮಂತ್ರಣ ಪತ್ರಿಕೆ, ಮಠದ ಗೋಡೆಯ ಮೇಲಿನ ಸೂಚನೆ, ಸಂಘದ ಸ್ಮರಣ ಸಂಚಿಕೆ, ಅಷ್ಟೇ. ನಾವು ಬರೆಯುವ ಈ ಚಿಕ್ಕ ಬರಹಗಳೇ ಆ ಮಗುವಿಗೆ ಪಠ್ಯಪುಸ್ತಕ. ಅದರಲ್ಲಿ ‘ಆರ್ಶಿವಾದ’ ಎಂದಿದ್ದರೆ ಮಗು ‘ಆರ್ಶಿವಾದ’ವನ್ನೇ ಕಲಿಯುತ್ತದೆ. ತಿದ್ದಲು ಬೇರೆ ಪುಸ್ತಕವಿಲ್ಲ.

ಪ್ರತಿಯೊಂದು ನಗರದ ಮಗುವಿಗೂ ಒಂದೊಂದು ಬಗೆಯ ತೊಡಕಿದೆ, ಒಂದೊಂದು ಬಗೆಯ ಅನುಕೂಲವೂ ಇದೆ. ಮುಂಬಯಿ, ಪುಣೆಗಳ ಮಕ್ಕಳಿಗೆ ಮರಾಠಿಯ ದೆಸೆಯಿಂದ ಳಕಾರ, ಣಕಾರಗಳು ಪರಿಚಿತ. ದೆಹಲಿಯ ಹಿಂದಿಯಲ್ಲಿ ಳಕಾರವಿಲ್ಲ. ಮರಾಠಿ ಹಿಂದಿಗಳ ಬರಹದಲ್ಲಿ ಹ್ರಸ್ವ ಎ, ಒಗಳಿಗೆ ಪ್ರತ್ಯೇಕ ಗುರುತಿಲ್ಲ. ಆದುದರಿಂದ ಆ ಮಕ್ಕಳಿಗೆ ಕೆರೆ–ಕೇರೆಗಳ ಭೇದವನ್ನು ಕಲಿಸಿಕೊಡಬೇಕಾಗುತ್ತದೆ. ಚೆನ್ನೈಯಲ್ಲಿ ಓದುವ ಮಗುವಿಗೆ ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಹೈದರಾಬಾದಿನ ಮಗು ಭಾಗ್ಯಶಾಲಿ. ತೆಲುಗು ಲಿಪಿ ಕನ್ನಡಕ್ಕೆ ಒಡಹುಟ್ಟಿದ್ದು. ಮನಸ್ಸಿಟ್ಟರೆ ಕೆಲವೇ ದಿನಗಳಲ್ಲಿ ಕನ್ನಡ ಅಕ್ಷರಗಳು ಅದರ ಕೈವಶವಾಗುತ್ತವೆ. ಈ ಸಂಗತಿಗಳನ್ನು ತಂದೆತಾಯಿಗಳು ಅರಿತಿದ್ದರೆ ಮಗುವನ್ನು ಗದರಿಸುವ ಬದಲು ತಿದ್ದುವುದು ಸುಲಭವಾಗುತ್ತದೆ.

ಅಜಾಗರೂಕತೆಯಿಂದ ನಾವು ಕಳೆದುಕೊಳ್ಳುವುದು ವ್ಯಾಕರಣವನ್ನು ಮಾತ್ರವೆಂದು ತಿಳಿಯಬೇಡಿ. ನಮ್ಮ ಹೆಸರುಗಳನ್ನೇ ನೋಡಿ. ದಕ್ಷಿಣದ ನಾವು ಇಂಗ್ಲಿಷಿನಲ್ಲಿ ತಕಾರವನ್ನು ಟಿ, ಎಚ್ ಎಂದು ಎರಡು ಅಕ್ಷರಗಳಿಂದ ಬರೆಯುತ್ತೇವೆ. ಉತ್ತರದವರು ಅದನ್ನೇ ಥಕಾರವೆಂದು ಓದುತ್ತಾರೆ. ಹೀಗಾಗಿ ಗೀತಾ ‘ಗೀಥಾ’ ಆಗುತ್ತಾಳೆ, ಐತಾಳರು ‘ಐಥಲ್’ ಆಗುತ್ತಾರೆ. ಹೊಳ್ಳರು ‘ಹೊಲ್ಲ’ರಾಗುತ್ತಾರೆ, ಬಲ್ಲಾಳರು ‘ಬಲ್ಲಾಲ’ರಾಗುತ್ತಾರೆ, ಕಾರ್ಕಳವು ‘ಕರ್ಕಲ’ವಾಗುತ್ತದೆ. ಬೇರೆಯವರು ಹೀಗೆ ಬರೆದರೆ ಅವರನ್ನು ದೂರುವಂತಿಲ್ಲ. ಆದರೆ ನಮ್ಮ ಮಕ್ಕಳೇ ಇಂಗ್ಲಿಷಿನಿಂದ ಮರಳಿ ಕನ್ನಡಕ್ಕೆ ತಂದು ತಮ್ಮ ಮನೆತನದ ಹೆಸರನ್ನು ‘ಐಥಲ್’ ಎಂದು ಬರೆಯುವುದನ್ನು ನಾನು ಕಂಡಿದ್ದೇನೆ. ಅಜ್ಜನ ಹೆಸರೂ ಮೊಮ್ಮಗನ ಹೆಸರೂ ಬೇರೆ ಬೇರೆಯಾದವು. ನಡುವೆ ಹೋದದ್ದು ಒಂದು ಅಕ್ಷರ.

ಪರಿಚಿತರೊಬ್ಬರ ವೃದ್ಧ ಮಾತೃಶ್ರೀಯವರು ಕೆಲವು ವರ್ಷಗಳ ಹಿಂದೆ ದೈವಾಧೀನರಾದರು. ವೈಕುಂಠ ಸಮಾರಾಧನೆಯ ಪತ್ರಿಕೆಗಳು ಅಚ್ಚಾಗಿ ಬಂದಾಗ ಆ ತಾಯಿಯ ಹೆಸರಿನಲ್ಲಿ ಳಕಾರದ ಬದಲು ಲಕಾರ ಬಿದ್ದಿತ್ತು. ಮತ್ತೆ ಅಚ್ಚುಹಾಕಿಸಲು ಸಮಯವಿರಲಿಲ್ಲ. ಮಗ ಅಂದು ರಾತ್ರಿ ಕುಳಿತು ನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಆ ಒಂದು ಅಕ್ಷರವನ್ನು ಕೈಯಿಂದ ತಿದ್ದಿದರು. ‘ಇಷ್ಟು ಚಿಕ್ಕ ತಪ್ಪಿಗೆ ಏಕೆ ಶ್ರಮ?’ ಎಂದು ಯಾರೋ ಕೇಳಿದಾಗ ಅವರು ಹೇಳಿದ್ದು: ‘ಅಮ್ಮ ಓದಿದ್ದು ಮೂರನೆಯ ತರಗತಿ. ಬ್ಯಾಂಕಿನ ಪುಸ್ತಕದಲ್ಲಿ ಸಹಿ ಹಾಕುವಾಗ ಆ ಅಕ್ಷರವನ್ನು ನಿಧಾನವಾಗಿ ತಿದ್ದಿ ಬರೆಯುತ್ತಿದ್ದರು. ಅವರು ಹೋದ ಮೇಲೆ ನಾನು ತಪ್ಪಾಗಿ ಬರೆಯಿಸಲೇ?’ ಅಕ್ಷರದ ಮರ್ಯಾದೆ ಎಂದರೆ ಏನೆಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಶಕ್ತಿಯಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳು ಬೇಡ. ಮೊದಲನೆಯದಾಗಿ, ಅಚ್ಚಿಗೆ ಹೋಗುವ ಪ್ರತಿಯೊಂದು ಕನ್ನಡ ಬರಹವನ್ನೂ ಇಬ್ಬರು ಕುಳಿತು ನೋಡಲಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲದೊಡನೆ ಹೋಲಿಸಲಿ. ಹಿಂದೆ ಅಚ್ಚುಕೂಟಗಳಲ್ಲಿ ಕರಡು ತಿದ್ದುತ್ತಿದ್ದುದು ಹೀಗೆಯೇ. ಕಣ್ಣು ತಪ್ಪಿಸಿಕೊಂಡದ್ದನ್ನು ಕಿವಿ ಹಿಡಿಯುತ್ತದೆ. ಎರಡನೆಯದಾಗಿ, ಹೆಸರುಗಳನ್ನು ಆಯಾ ಮನೆಯವರಿಂದಲೇ ಕನ್ನಡದಲ್ಲಿ ಬರೆಯಿಸಿಕೊಳ್ಳೋಣ. ಇಂಗ್ಲಿಷಿನಿಂದ ಊಹಿಸುವುದು ಬೇಡ. ಮೂರನೆಯದಾಗಿ, ಸಂಘಸಂಸ್ಥೆಗಳ ಕಚೇರಿಯಲ್ಲಿ ಒಂದು ಕನ್ನಡ ನಿಘಂಟು ಮೇಜಿನ ಮೇಲೆಯೇ ಇರಲಿ, ಬೀರುವಿನಲ್ಲಿ ಬೇಡ. ನಾಲ್ಕನೆಯದಾಗಿ, ಮೊಬೈಲಿನಲ್ಲಿ ಕನ್ನಡದ ಮಾತನ್ನು ಕನ್ನಡ ಲಿಪಿಯಲ್ಲಿಯೇ ಬರೆಯುವ ಅಭ್ಯಾಸ ಮಾಡಿಕೊಳ್ಳೋಣ. ಮೊದಲ ವಾರ ನಿಧಾನವೆನಿಸುತ್ತದೆ, ಆಮೇಲೆ ಕೈ ಕೂಡುತ್ತದೆ. ಯಂತ್ರವು ತಾನಾಗಿ ಸೂಚಿಸುವ ಪದವನ್ನು ಕಣ್ಣುಮುಚ್ಚಿ ಒಪ್ಪದೆ ಒಮ್ಮೆ ಓದಿ ಕಳುಹಿಸೋಣ.

ಐದನೆಯದು ಮಕ್ಕಳಿಗೆ ಸಂಬಂಧಿಸಿದ್ದು. ಒಂದು ಕಾಲದಲ್ಲಿ ಊರಿನಿಂದ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರದಲ್ಲಿ ಉಭಯ ಕುಶಲೋಪರಿಯಿಂದ ಆರಂಭಿಸಿ, ಮಡಿಸುವ ಅಂಚಿನವರೆಗೂ ಹಿರಿಯರು ಬರೆದಿರುತ್ತಿದ್ದರು. ಅಂತಹ ಪತ್ರಗಳು ಅನೇಕರ ಮನೆಗಳಲ್ಲಿ ಇಂದಿಗೂ ಇವೆ. ಅವುಗಳನ್ನು ಮೊಮ್ಮಕ್ಕಳ ಮುಂದೆ ಬಿಡಿಸಿ, ಅವರಿಂದಲೇ ಓದಿಸಿ. ತಿಂಗಳಿಗೊಮ್ಮೆ ಅಜ್ಜ ಅಜ್ಜಿಗೆ ಅಥವಾ ಸೋದರಮಾವನಿಗೆ ಹತ್ತು ಸಾಲಿನ ಕನ್ನಡ ಪತ್ರವನ್ನು ಅವರ ಕೈಯಿಂದ ಬರೆಯಿಸಿ. ತಪ್ಪಾದಾಗ ನಗಬೇಡಿ. ನಾಲ್ಕು ಜನರ ಮುಂದೆ ತಪ್ಪು ತೋರಿಸಿದರೆ ಮಗು ಕನ್ನಡವನ್ನೇ ಬಿಟ್ಟುಬಿಡುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದರೆ ಜೀವನಪರ್ಯಂತ ನೆನಪಿಟ್ಟುಕೊಳ್ಳುತ್ತದೆ. ಈ ಮಾತು ದೊಡ್ಡವರಿಗೂ ಅನ್ವಯಿಸುತ್ತದೆ. ಬರೆಯುವವರನ್ನು ಹೀಯಾಳಿಸಿದರೆ ತಪ್ಪುಗಳ ಜೊತೆಗೆ ಬರಹವೂ ನಿಂತುಹೋಗುತ್ತದೆ. ತಪ್ಪಿಲ್ಲದ ಮೌನಕ್ಕಿಂತ ತಿದ್ದಿಕೊಳ್ಳುವ ಮನಸ್ಸಿನ ಬರಹ ಮೇಲು.

‘ಅಕ್ಷರ’ ಎಂದರೆ ಕ್ಷರವಿಲ್ಲದ್ದು, ನಾಶವಾಗದ್ದು ಎಂದು ತಿಳಿದವರು ಅರ್ಥ ಹೇಳುತ್ತಾರೆ. ಸರಿಯಾದ ಅಕ್ಷರ ಉಳಿಯುವಂತೆ ತಪ್ಪಾದ ಅಕ್ಷರವೂ ಉಳಿಯುತ್ತದೆ. ದಾನಿಗಳ ಹೆಸರಿನ ಕಲ್ಲಿನಲ್ಲಿ, ಸನ್ಮಾನದ ಫಲಕದಲ್ಲಿ, ಸಂಚಿಕೆಯ ಪುಟದಲ್ಲಿ ನಾವು ಬಿಟ್ಟುಹೋಗುವುದು ಯಾವುದನ್ನು ಎಂಬುದು ನಮ್ಮ ಕೈಯಲ್ಲಿಯೇ ಇದೆ.

ಈ ಉಪನ್ಯಾಸವು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಲಿದೆಯೆಂದು ಸಂಪಾದಕರು ತಿಳಿಸಿದ್ದಾರೆ. ಅವರ ಮೊದಲ ಪರೀಕ್ಷೆ ಅಲ್ಲಿಯೇ ಆಗಲಿದೆ. ನಾನು ಬೇಕೆಂದೇ ಬರೆದ ತಪ್ಪುಗಳನ್ನು ಅವರು ದಯವಿಟ್ಟು ತಿದ್ದಬಾರದು, ಉಳಿದ ಒಂದನ್ನೂ ಬಿಡಬಾರದು ಎಂದು ಕೋರುತ್ತೇನೆ. ಸಂಚಿಕೆ ಕೈಸೇರಿದಾಗ ತಾವೂ ಪೆನ್ಸಿಲು ಹಿಡಿದು ಓದಿರಿ, ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ.